ಉಪ್ಪು ನೀರೊಡೆಯುವ ಊರಿನಲ್ಲಿ ಸಿಗಾರ್ ಪೆಟ್ಟಿಗೆ

ಪ್ರಶ್ನೆ: ಮೇ ತಿಂಗಳಲ್ಲಿ ದುಬೈಯಿಂದ ಬಂದ ಭಾವ 25 ರೊಬಸ್ಟೋ (ಗಿಡ್ಡ, ದಪ್ಪ) ಸಿಗಾರ್‌ಗಳ ಪೆಟ್ಟಿಗೆ, ಸಿಗಾರ್‌ಗಳ ತೇವ ಕಾಯಲೆಂದು ಗಾಜಿನ ಮುಚ್ಚಳದ ಒಂದು ಮರದ ಹ್ಯೂಮಿಡಾರ್ ಮತ್ತು ಒಂದು ಕಟರ್ ಉಡುಗೊರೆ ಕೊಟ್ಟರು. ಲೈಟರನ್ನು ವಿಮಾನ ನಿಲ್ದಾಣದಲ್ಲಿ ತೆಗೆದಿಟ್ಟುಕೊಂಡರಂತೆ. ಕೈಪಿಡಿಯಲ್ಲಿ ಹೇಳಿದಂತೆ ವಾರಕ್ಕೊಮ್ಮೆ ಹ್ಯೂಮಿಡಾರಿನ ಸ್ಪಂಜಿಗೆ ನೀರು ಹಾಕುತ್ತಿದ್ದೇನೆ. ಒಳಗಿನ ತೇವ ತೋರಿಸುವ ಮುಳ್ಳು 70ರಲ್ಲೇ ಇದೆ. ಆದರೂ ಈಗ ಜುಲೈಯಲ್ಲಿ ಸಿಗಾರ್‌ಗಳು ಮೆತ್ತಗಾಗಿವೆ, ಸೇದುವಾಗ ಪದೇ ಪದೇ ಆರುತ್ತವೆ, ಮೂರ್ನಾಲ್ಕರ ಮೇಲೆ ಬಿಳಿ ಪುಡಿ ಕಾಣಿಸಿದೆ. ಅದು ಸಿಗಾರ್ ಹದವಾಗಿ ಮಾಗಿದ ಗುರುತೆಂದು ಗೆಳೆಯರು ಹೇಳುತ್ತಾರೆ. ನಿಜವೇ? ಇನ್ನೂ ಏನೇನು ಕೊಳ್ಳಬೇಕು? ಈ ಹ್ಯೂಮಿಡಾರನ್ನು ಏನು ಮಾಡಲಿ?
— ಮಂಗಳೂರಿನ ಓದುಗರು

ಉತ್ತರ: ಮೊದಲು ಎದ್ದು ಹೋಗಿ ಆ ಸ್ಪಂಜನ್ನು ಹೊರಗೆ ತೆಗೆದಿಡಿ. ಮುಂದಿನದನ್ನು ನಿಧಾನವಾಗಿ ಓದಿದರೂ ನಡೆಯುತ್ತದೆ.

ನಿಮ್ಮ ಕೈಪಿಡಿ ಬರೆದವರು ಮಳೆಗಾಲದ ಮಂಗಳೂರನ್ನು ಕಂಡವರಲ್ಲ. ಸಿಗಾರ್ ಸಾಮಗ್ರಿಗಳ ಬಗ್ಗೆ ಸಿಗುವ ಬರಹಗಳಲ್ಲಿ ಹೆಚ್ಚಿನವು ಯುರೋಪು, ಅಮೆರಿಕದ ಮನೆಗಳಿಗಾಗಿ ಬರೆದವು. ಅಲ್ಲಿ ಚಳಿಗಾಲದಲ್ಲಿ ಹೀಟರ್ ಹಾಕಿದ ಕೋಣೆಯ ಗಾಳಿ ಒಣಗಿ ತುಟಿ ಬಿರಿಯುತ್ತದೆ. ಸಿಗಾರ್ ಒಣಗದಂತೆ ಕಾಯುವುದೇ ಅವರ ಚಿಂತೆ. ಹಾಗಾಗಿ ಪೆಟ್ಟಿಗೆಗೆ ನೀರು ಹಾಕುವ ವಿದ್ಯೆಯನ್ನೇ ಕಲಿಸುತ್ತಾರೆ. ನಿಮಗೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಕಾದದ್ದು ನೀರು ತೆಗೆಯುವ ವಿದ್ಯೆ. ನಾನು ಇಪ್ಪತ್ತು ವರ್ಷ ಗಲ್ಫಿನ ಸಿಗಾರ್ ಅಂಗಡಿಯೊಂದರಲ್ಲಿ ದಾಸ್ತಾನು ನೋಡಿಕೊಂಡವನು, ಊರು ಉಡುಪಿಯ ಕಡೆ. ಅಂಗಡಿಯಲ್ಲಿ ಕಲಿತದ್ದರಲ್ಲಿ ಅರ್ಧವನ್ನು ಊರಿಗೆ ಮರಳಿದ ಮೊದಲ ಆಟಿ ತಿಂಗಳಿನ ಮಳೆಯಲ್ಲೇ ಮರೆಯಬೇಕಾಯಿತು.

ಅಡುಗೆಮನೆಯ ಉಪ್ಪಿನ ಭರಣಿ ನೋಡಿ. ಬೇಸಗೆಯಲ್ಲಿ ಗಲಗಲ ಎನ್ನುತ್ತಿದ್ದ ಕಲ್ಲುಪ್ಪು ಈಗ ನೀರೊಡೆದಿರುತ್ತದೆ. ಉಪ್ಪಿಗೆ ಒಂದು ಗಡಿ ಇದೆ: ಗಾಳಿಯ ಸಾಪೇಕ್ಷ ತೇವಾಂಶ ಶೇ. 75 ದಾಟಿದರೆ ಅದು ಗಾಳಿಯಿಂದಲೇ ನೀರೆಳೆದುಕೊಂಡು ಕರಗತೊಡಗುತ್ತದೆ, ಕೆಳಗಿಳಿದರೆ ಮತ್ತೆ ಒಣಗುತ್ತದೆ. ಸಿಗಾರ್‌ಗೆ ಒಪ್ಪುವುದು ಶೇ. 65ರಿಂದ 70. ಭರಣಿಯ ತಳದಲ್ಲಿ ನೀರು ಕಂಡ ದಿನ ನಿಮ್ಮ ಮನೆಯ ಗಾಳಿಯೇ ಸಿಗಾರ್‌ಗೆ ಅತಿಯಾಗಿದೆ ಎಂದು ತಿಳಿಯಿರಿ. ಅದರ ಮೇಲೆ ನೀವು ವಾರಕ್ಕೊಮ್ಮೆ ಸ್ಪಂಜಿಗೆ ನೀರು ಕುಡಿಸಿದ್ದೀರಿ.

ತೇವ ಹೆಚ್ಚಾದರೆ ಏನಾಗುತ್ತದೆ ಎಂಬುದಕ್ಕೆ ಸಿಗಾರನ್ನು ಹೇಗೆ ಕಟ್ಟುತ್ತಾರೆ ಎಂಬುದು ಗೊತ್ತಿರಬೇಕು. ನಡುವೆ ಮಡಿಸಿ ತುಂಬಿದ ಎಲೆಗಳು, ಅವನ್ನು ಬಿಗಿಯಾಗಿ ಹಿಡಿಯುವ ಒಂದು ಎಲೆ, ಎಲ್ಲಕ್ಕೂ ಮೇಲೆ ತೆಳುವಾದ, ನುಣುಪಾದ ಹೊದಿಕೆಯ ಎಲೆ. ಒಳಗಿನ ಎಲೆ ನೀರು ಕುಡಿದು ಉಬ್ಬಿದಾಗ ಹೊಗೆ ಹಾಯುವ ಸಂದುಗಳು ಮುಚ್ಚುತ್ತವೆ. ನೀವು ಬಲವಾಗಿ ಎಳೆಯುತ್ತೀರಿ, ಬೆಂಕಿ ಸಾಲದೆ ಆರುತ್ತದೆ, ಮತ್ತೆ ಹಚ್ಚುತ್ತೀರಿ, ಕಹಿಯಾಗುತ್ತದೆ. ಇನ್ನಷ್ಟು ಉಬ್ಬಿದರೆ ಹೊದಿಕೆ ಬಿರಿಯುತ್ತದೆ. ಒಣಗಿದ ಸಿಗಾರಿನ ಕಥೆ ಬೇರೆ: ಬೇಗ ಉರಿಯುತ್ತದೆ, ಬಿಸಿ ಹೊಗೆ ಗಂಟಲು ಕೆರೆಯುತ್ತದೆ. ಆದರೆ ತುಸು ಒಣಗಿದ್ದನ್ನು ವಾರಗಟ್ಟಲೆ ನಿಧಾನವಾಗಿ ತೇವಕ್ಕೆ ತರಬಹುದು. ಬೂಷ್ಟು ಹಿಡಿದದ್ದನ್ನು ಹಿಂದಕ್ಕೆ ತರಲಾಗುವುದಿಲ್ಲ.

ಮುಳ್ಳು 70 ತೋರಿಸುತ್ತಿದ್ದರೂ ಹೀಗೇಕೆ ಎಂದು ನೀವು ಕೇಳುತ್ತೀರಿ. ಉಡುಗೊರೆ ಹ್ಯೂಮಿಡಾರ್‌ಗಳ ಮೇಲಿನ ಆ ಹಿತ್ತಾಳೆ ಬಣ್ಣದ ಗಡಿಯಾರದಂಥ ಹೈಗ್ರೋಮೀಟರ್, ಅಂದರೆ ತೇವಮಾಪಕ, ಬಹುಪಾಲು ಅಲಂಕಾರ. ಹೊರಗೆ ಧೋ ಎಂದು ಮಳೆ ಸುರಿದಾಗಲೂ, ಎ.ಸಿ. ಹಾಕಿದಾಗಲೂ 70ರಿಂದ ಅಲುಗದ ಮುಳ್ಳು ಸತ್ಯ ಹೇಳುತ್ತಿಲ್ಲ. ನೀವು ಮೊದಲು ಕೊಳ್ಳಬೇಕಾದದ್ದು ಒಂದು ಸಾಧಾರಣ ಡಿಜಿಟಲ್ ಹೈಗ್ರೋಮೀಟರ್. ಅದನ್ನೂ ಕಣ್ಣುಮುಚ್ಚಿ ನಂಬಬೇಡಿ. ಪರೀಕ್ಷೆಗೆ ಅದೇ ಭರಣಿಯ ಉಪ್ಪು ಸಾಕು. ಬಾಟಲಿಯ ಮುಚ್ಚಳವೊಂದಕ್ಕೆ ಪುಡಿ ಉಪ್ಪು ತುಂಬಿ, ಕೆಲವು ಹನಿ ನೀರು ಹಾಕಿ ಒದ್ದೆ ಮರಳಿನ ಹದಕ್ಕೆ ತನ್ನಿ, ಉಪ್ಪು ಕರಗಿಹೋಗಬಾರದು. ಜಿಪ್ ಇರುವ ಪ್ಲಾಸ್ಟಿಕ್ ಚೀಲದಲ್ಲಿ ಆ ಮುಚ್ಚಳವನ್ನೂ ಹೈಗ್ರೋಮೀಟರನ್ನೂ ಒಂದಕ್ಕೊಂದು ತಾಗದಂತೆ ಇಟ್ಟು, ಗಾಳಿ ಸಮೇತ ಮುಚ್ಚಿ, ಒಂದು ಹಗಲು ರಾತ್ರಿ ಬಿಡಿ. ಚೀಲದೊಳಗಿನ ತೇವಾಂಶ ಶೇ. 75ಕ್ಕೆ ಬಂದು ನಿಲ್ಲುತ್ತದೆ. ಕೋಣೆಯ ಬಿಸಿ ತುಸು ಹೆಚ್ಚು ಕಡಿಮೆಯಾದರೂ ಅದು ಬದಲಾಗುವುದಿಲ್ಲ. ಯಂತ್ರ 71 ತೋರಿಸಿದರೆ ಇನ್ನು ಮುಂದೆ ಅದು ಹೇಳಿದ್ದಕ್ಕೆ 4 ಸೇರಿಸಿ ಓದಿಕೊಳ್ಳಿ. ನಿಮ್ಮ ಮುಳ್ಳಿನ ಹೈಗ್ರೋಮೀಟರನ್ನೂ ಅದೇ ಚೀಲದಲ್ಲಿ ಹಾಕಿ ನೋಡಿ, ಕುತೂಹಲಕ್ಕಾದರೂ.

ಇನ್ನು ಬಿಳಿ ಪುಡಿ. ಎಲೆಯ ಎಣ್ಣೆ ಹೊರಬಂದು ಹರಳುಗಟ್ಟಿದ್ದು, ಒಳ್ಳೆಯ ಸಿಗಾರ್ ಮಾಗಿದ ಗುರುತು ಎಂಬ ಮಾತು ಸಿಗಾರ್ ಮಂದಿಯ ನಡುವೆ ಬಹಳ ಹಳೆಯದು. ಅಂಗಡಿಯಲ್ಲಿ ನಾವೂ ಗಿರಾಕಿಗಳಿಗೆ ಹಾಗೆಯೇ ಹೇಳುತ್ತಿದ್ದೆವು, ಮಾಲು ಮಾರಬೇಕಲ್ಲ. ಇಪ್ಪತ್ತು ವರ್ಷದಲ್ಲಿ ನಾನು ಭೂತಗನ್ನಡಿ ಹಿಡಿದು ನೋಡಿದ ಬಿಳುಪೆಲ್ಲ ಬೂಷ್ಟೇ ಆಗಿತ್ತು. ಇಷ್ಟು ತೇವದಲ್ಲಿ ಎರಡು ತಿಂಗಳು ಇದ್ದ ನಿಮ್ಮ ಪೆಟ್ಟಿಗೆಯಲ್ಲಿ ಅದು ಮಾಗಿದ ಗುರುತಾಗಿರುವ ಸಾಧ್ಯತೆಯನ್ನು ಮರೆತುಬಿಡಿ. ಹೊದಿಕೆಯ ಮೇಲೆ ಮಾತ್ರ ಇದ್ದರೆ, ಮನೆಯ ಹೊರಗೆ ನಿಂತು ಒಣ ಬಟ್ಟೆಯಿಂದ ಒರೆಸಿ, ಉಳಿದವುಗಳಿಂದ ದೂರ ಇಟ್ಟು ಎರಡು ವಾರ ನೋಡಿ. ಬೆಂಕಿ ಹಚ್ಚುವ ತುದಿಯ ಒಳಗೆ ಎಲೆಗಳ ನಡುವೆ ನಾರುನಾರಾಗಿ ಕಂಡರೆ, ಅಥವಾ ಹಸಿರು, ನೀಲಿ ಚುಕ್ಕೆಗಳಿದ್ದರೆ, ಬಿಸಾಡಿ. ಎಷ್ಟೇ ದುಬಾರಿಯಾಗಿರಲಿ, ಬೂಷ್ಟನ್ನು ಸುಟ್ಟು ಹೊಗೆ ಕುಡಿಯುವುದರಲ್ಲಿ ಯಾವ ಜಾಣತನವೂ ಇಲ್ಲ.

ಉಳಿದವುಗಳಿಗೆ ಒಳ್ಳೆಯ ಮನೆ ಯಾವುದು? ಅಡುಗೆಮನೆಗೆ ಬಳಸುವ, ರಬ್ಬರ್ ಪಟ್ಟಿ ಇರುವ, ನಾಲ್ಕು ಕಡೆ ಚಿಲಕ ಹಾಕುವ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬಿ. ನಗಬೇಡಿ. ಹ್ಯೂಮಿಡಾರ್ ಎಂಬುದು ಮೂಲತಃ ಗಾಳಿಯಾಡದ ಪೆಟ್ಟಿಗೆ ಅಷ್ಟೇ. ಆ ಕೆಲಸವನ್ನು ಈ ಡಬ್ಬಿ ಗಾಜಿನ ಮುಚ್ಚಳದ ಪೆಟ್ಟಿಗೆಗಿಂತ ಎಷ್ಟೋ ಚೆನ್ನಾಗಿ ಮಾಡುತ್ತದೆ. ಹೊಸದಾದರೆ ತೊಳೆದು, ಪ್ಲಾಸ್ಟಿಕ್ ವಾಸನೆ ಹೋಗುವವರೆಗೆ ಕೆಲವು ದಿನ ತೆರೆದಿಡಿ. ಸಾರಿನ ಪುಡಿ ಹಾಕಿದ್ದ ಡಬ್ಬಿ ಬೇಡ. ಸಿಗಾರ್ ಬಂದ ಸೀಡರ್ ಪೆಟ್ಟಿಗೆಗೆ ಬೂಷ್ಟು ತಗುಲಿರದಿದ್ದರೆ ಅದನ್ನೇ ಇಡಿಯಾಗಿ ಡಬ್ಬಿಯೊಳಗೆ ಇಡಿ.

ಅದರ ಜೊತೆಗೆ ಬೇಕಾದದ್ದು ಎರಡೂ ಕಡೆ ಕೆಲಸ ಮಾಡುವ ತೇವ ನಿಯಂತ್ರಕ ಚೀಲ. ಬೊವೆಡಾ ಎಂಬ ಹೆಸರಿನದು ಹೆಚ್ಚು ಬಳಕೆಯಲ್ಲಿದೆ. ಒಳಗಿರುವುದು ಲವಣದ ಗಟ್ಟಿ ದ್ರಾವಣ, ಅಂದರೆ ನಿಮ್ಮ ಭರಣಿಯ ಉಪ್ಪಿನ ವಿದ್ಯೆಯೇ, ಬೇರೆ ಬೇರೆ ಗಡಿಗಳಿಗೆ ಹೊಂದಿಸಿದ್ದು. ಗಾಳಿ ಒಣಗಿದರೆ ತೇವ ಬಿಡುತ್ತದೆ, ಹೆಚ್ಚಾದರೆ ಹೀರುತ್ತದೆ. 62, 65, 69, 72 ಎಂದು ಅಂಕಿ ಬರೆದಿರುತ್ತದೆ. ಕರಾವಳಿಗೆ 65 ತೆಗೆದುಕೊಳ್ಳಿ. ಅಂಗಡಿಯವರು 69 ಅಥವಾ 72 ಕೊಡಲು ಬಂದರೆ ಬೇಡವೆನ್ನಿ. 60 ಗ್ರಾಂನ ಒಂದು ಚೀಲ 25 ಸಿಗಾರ್‌ಗೆ ಎಂಬುದು ಲೆಕ್ಕ. ನಿಮ್ಮ ಸಿಗಾರ್‌ಗಳು ನೆನೆದಿರುವುದರಿಂದ ಎರಡು ಇಡಿ. ಹಾಗೆಂದು ಎಲ್ಲ ಭಾರವನ್ನೂ ಅದರ ಮೇಲೆ ಹಾಕಬೇಡಿ, ಹೊಸ ಚೀಲ ಹೀರುವುದಕ್ಕೂ ಮಿತಿಯಿದೆ. ಎ.ಸಿ. ಕೋಣೆಯಿದ್ದರೆ ಮೊದಲ ವಾರ ದಿನಕ್ಕೆ ಒಂದೆರಡು ಗಂಟೆ ಡಬ್ಬಿಯನ್ನು ಅಲ್ಲಿ ತೆರೆದಿಟ್ಟು ಮತ್ತೆ ಮುಚ್ಚಿ. ಅವಸರ ಬೇಡ, ಹೊರಗಿನ ಎಲೆ ಮೊದಲು ಒಣಗಿ ಒಳಗಿನದು ಉಬ್ಬಿಯೇ ಇದ್ದರೆ ಹೊದಿಕೆ ಸೀಳುತ್ತದೆ. ಚೀಲ ಉಬ್ಬಿ ನೀರಿನ ಪೊಟ್ಟಣದಂತಾದರೆ ತುಂಬಿದೆ ಎಂದರ್ಥ, ಒಣಗಿ ರಟ್ಟಿನಂತಾದರೆ ಮುಗಿದಿದೆ ಎಂದರ್ಥ. ಔಷಧಿ ಬಾಟಲಿಗಳಲ್ಲಿ ಬರುವ ಸಿಲಿಕಾ ಜೆಲ್ ಹಾಕುವ ಯೋಚನೆ ಬಂದಿದ್ದರೆ ಬಿಡಿ. ಅದಕ್ಕೆ 65ರಲ್ಲಿ ನಿಲ್ಲುವುದು ಗೊತ್ತಿಲ್ಲ.

ಡಬ್ಬಿಯನ್ನು ಎಲ್ಲಿಡುತ್ತೀರಿ ಎಂಬುದೂ ಮುಖ್ಯ. ತಂಬಾಕು ಸುತ್ತಲಿನ ವಾಸನೆ ಹಿಡಿದುಕೊಳ್ಳುವುದರಲ್ಲಿ ಹಾಲು ಮೊಸರನ್ನೂ ಮೀರಿಸುತ್ತದೆ. ನುಸಿಗುಳಿಗೆ ಹಾಕಿದ ಬಟ್ಟೆಯ ಕಪಾಟು, ದೇವರ ಕೋಣೆಯ ಕರ್ಪೂರ, ಊದುಬತ್ತಿಯ ಪಕ್ಕ, ಯಾವುದೂ ಆಗದು. ಮೈಸೂರಿನ ಕೆತ್ತನೆಯ ಶ್ರೀಗಂಧದ ಪೆಟ್ಟಿಗೆಯಲ್ಲಿ ಸಿಗಾರ್ ಇಟ್ಟು, ಗಂಧದ ಕೊರಡು ಸೇದಿದಂತಿದೆ ಎಂದು ದೂರು ತಂದ ಗಿರಾಕಿಯೊಬ್ಬರು ನಮ್ಮ ಅಂಗಡಿಗೆ ಬಂದಿದ್ದರು. ಫ್ರಿಜ್ಜಿನಲ್ಲಂತೂ ಕಾಯಂ ಆಗಿ ಇಡಬೇಡಿ. ಒಳಗಿನ ಗಾಳಿ ಒಣ, ಬಂಗುಡೆಯ ವಾಸನೆ ಬೇರೆ.

ಆದರೆ ಒಂದು ಸಲ ಫ್ರಿಜ್ಜಿಗೆ ಹೋಗಲೇಬೇಕು. ಕಾರಣ ಹುಳು. ಅರಿಶಿನ, ಕೊತ್ತಂಬರಿ ಬೀಜ, ಶುಂಠಿಯ ಡಬ್ಬಿಯಲ್ಲಿ ಕಾಣುವ ಎಳ್ಳಿನ ಗಾತ್ರದ ಕಂದು ದುಂಡು ಹುಳು ಇದೆಯಲ್ಲ, ಅದೇ ತಂಬಾಕಿನ ಹುಳುವೂ ಹೌದು. ಲೇಸಿಯೋಡರ್ಮಾ ಸೆರಿಕಾರ್ನೆ ಎಂಬ ಒಂದೇ ಜಾತಿ. ಮೊಟ್ಟೆ ಎಲೆಯೊಳಗೇ ಬಂದಿರಬಹುದು, ನಿಮ್ಮ ಅಡುಗೆಮನೆಯಿಂದಲೂ ಬರಬಹುದು. ಪುಸ್ತಕಗಳು ಸಿಗಾರನ್ನು 18ರಿಂದ 21 ಡಿಗ್ರಿಯಲ್ಲಿ ಇಡಬೇಕೆನ್ನುತ್ತವೆ. ಆ ತಂಪಿನಲ್ಲಿ ಮೊಟ್ಟೆ ಸುಮ್ಮನಿರುತ್ತದೆ. ಹಗಲಿರುಳು ಎ.ಸಿ. ಹಾಕದ ಮಂಗಳೂರಿನ ಮನೆಯಲ್ಲಿ ಅದು ಆಗದ ಮಾತು. ನಿಮ್ಮ ಮನೆಯ 28, 30 ಡಿಗ್ರಿಯ ಬಿಸಿ ಹುಳುವಿಗೆ ಬಲು ಹಿತ. ಮರಿ ಒಳಗೇ ಕೊರೆಯುತ್ತಾ ಹುಳುವಾಗಿ ಬೆಳೆದು, ಹೊದಿಕೆಯಲ್ಲಿ ಗುಂಡುಸೂಜಿ ಚುಚ್ಚಿದಂಥ ತೂತು ಮಾಡಿ ಹೊರಬೀಳುತ್ತದೆ. ಆ ತೂತು ಕಾಣುವ ಹೊತ್ತಿಗೆ ಪಕ್ಕದ ಹತ್ತಕ್ಕೂ ಹಬ್ಬಿರುತ್ತದೆ.

ಕ್ಯೂಬಾದ ತಯಾರಕರು ಈಗ ಸಿಗಾರ್‌ಗಳನ್ನು ರಫ್ತು ಮಾಡುವ ಮೊದಲೇ ಘನೀಕರಿಸುತ್ತಾರೆ. ಆದರೂ ದುಬೈಯ ಅಂಗಡಿ, ವಿಮಾನ, ಮಂಗಳೂರಿನ ಮೇ ತಿಂಗಳು ಎಲ್ಲ ದಾಟಿ ಬಂದ ಪೆಟ್ಟಿಗೆಯನ್ನು ನಾನಾದರೆ ಮತ್ತೊಮ್ಮೆ ಘನೀಕರಿಸುತ್ತೇನೆ. ಮೊದಲು ಮೇಲೆ ಹೇಳಿದಂತೆ ತೇವ 65ಕ್ಕೆ ಇಳಿಯಲಿ, ನೆನೆದ ಸಿಗಾರ್ ಹೆಪ್ಪುಗಟ್ಟಿದರೆ ಒಡೆಯುತ್ತದೆ. ಆಮೇಲೆ ಜಿಪ್ ಚೀಲಗಳಲ್ಲಿ ಎರಡು ಸುತ್ತು ಹಾಕಿ ಗಾಳಿ ತೆಗೆದು, ಒಂದು ದಿನ ಫ್ರಿಜ್ಜಿನ ಕೆಳಭಾಗದಲ್ಲಿ, ಮೂರ್ನಾಲ್ಕು ದಿನ ಮೇಲಿನ ಫ್ರೀಜರಿನಲ್ಲಿ, ಮತ್ತೆ ಒಂದು ದಿನ ಕೆಳಗೆ, ಕೊನೆಗೆ ಹೊರಗೆ. ಹೊರಗೆ ತೆಗೆದ ತಕ್ಷಣ ಚೀಲ ಬಿಚ್ಚುವುದೇ ಎಲ್ಲರೂ ಮಾಡುವ ತಪ್ಪು. ಕೋಣೆಯ ಬಿಸಿಗೆ ಬರುವವರೆಗೆ ಬಿಡಿ. ತಣ್ಣಗಿನ ತಂಬಿಗೆಯ ಮೈ ಬೆವರುವಂತೆ ಹನಿ ಚೀಲದ ಹೊರಗೆ ಕಟ್ಟಲಿ, ಸಿಗಾರಿನ ಮೇಲೆ ಬೇಡ.

ಕಟರ್ ವಿಷಯ ಇಷ್ಟು ಉದ್ದವಿಲ್ಲ. ನಮ್ಮ ಚುಟ್ಟಾದ ಎರಡೂ ತುದಿ ತೆರೆದೇ ಇರುತ್ತವೆ, ಅದಕ್ಕೆ ಬೆಂಕಿ ಬಿಟ್ಟರೆ ಯಾವ ಸಾಮಗ್ರಿಯೂ ಬೇಡ. ಸಿಗಾರಿನ ಬಾಯಿಗಿಡುವ ತುದಿಗೆ ಎಲೆಯ ಪುಟ್ಟ ಟೋಪಿ ಅಂಟಿಸಿರುತ್ತಾರೆ, ಅದನ್ನು ಕತ್ತರಿಸಬೇಕು. ರೊಬಸ್ಟೋ ಸಾಮಾನ್ಯವಾಗಿ 50 ರಿಂಗ್ ಗೇಜ್. ಒಂದು ಗೇಜ್ ಎಂದರೆ ಇಂಚಿನ 64ನೇ ಒಂದು ಭಾಗ, ಹಾಗಾಗಿ ಸುಮಾರು 20 ಮಿಲಿಮೀಟರ್ ದಪ್ಪ. ನಿಮ್ಮ ಕಟರಿನ ತೂತು ಅದಕ್ಕಿಂತ ತುಸು ದೊಡ್ಡದಿದೆಯೇ, ಎರಡು ಕಡೆಯಿಂದಲೂ ಅಲಗು ಬರುತ್ತದೆಯೇ ನೋಡಿ. ಒಂದೇ ಅಲಗಿನದಾದರೆ ಸಿಗಾರನ್ನು ಎದುರು ಗೋಡೆಗೆ ಒತ್ತಿ ಜಜ್ಜುತ್ತದೆ, ಬದಲಾಯಿಸಿ. ಎಲ್ಲಿ ಕತ್ತರಿಸಬೇಕೆಂಬ ಗೊಂದಲಕ್ಕೆ ಒಂದು ಉಪಾಯವಿದೆ. ಕಟರನ್ನು ಮೇಜಿನ ಮೇಲೆ ಚಪ್ಪಟೆಯಾಗಿ ಇಟ್ಟು, ಸಿಗಾರನ್ನು ಟೋಪಿ ಕೆಳಗಾಗಿ ತೂತಿನಲ್ಲಿ ನೆಟ್ಟಗೆ ನಿಲ್ಲಿಸಿ, ಒಂದೇ ಏಟಿಗೆ ಒತ್ತಿ. ಎರಡು ಮಿಲಿಮೀಟರಿನಷ್ಟೇ ಹೋಗುತ್ತದೆ. ಟೋಪಿಯ ಅಂಚು ದಾಟಿ ಕತ್ತರಿಸಿದರೆ ಹೊದಿಕೆ ಈರುಳ್ಳಿ ಸಿಪ್ಪೆಯಂತೆ ಬಿಚ್ಚಿಕೊಳ್ಳುತ್ತದೆ. ತೂತು ಕೊರೆಯುವ ಪಂಚ್ ಕೀಲಿಗೊಂಚಲಿನಲ್ಲಿ ಇಟ್ಟುಕೊಳ್ಳಲು ಚೆಂದ, ಆದರೆ ತೇವದ ಸಿಗಾರ್‌ಗೆ ಸಣ್ಣ ತೂತು ಸಾಲದು, ಚೂಪು ತುದಿಯ ಸಿಗಾರ್‌ಗೆ ಅದು ಒಗ್ಗುವುದೇ ಇಲ್ಲ.

ಲೈಟರ್ ಹೋದದ್ದಕ್ಕೆ ಬೇಸರ ಬೇಡ, ವಿಮಾನದಲ್ಲಿ ಅದನ್ನು ತರಲು ಬಿಡುವುದಿಲ್ಲ. (25 ಸಿಗಾರ್ ಮಾತ್ರ ಸರಿಯಾಗಿ ಸುಂಕವಿಲ್ಲದೆ ತರಬಹುದಾದ ಮಿತಿ, ಭಾವನವರಿಗೆ ಆ ಲೆಕ್ಕ ಗೊತ್ತಿದ್ದಂತಿದೆ.) ಇಲ್ಲೇ ಬ್ಯುಟೇನ್ ಅನಿಲದ, ಒಂದೇ ಜ್ವಾಲೆಯ ಜೆಟ್ ಲೈಟರ್ ಕೊಳ್ಳಿ. ಮೂರು, ನಾಲ್ಕು ಜ್ವಾಲೆಯವು ಸಿಗಾರ್ ಹಚ್ಚುವುದಿಲ್ಲ, ಸುಡುತ್ತವೆ. ಪೆಟ್ರೋಲ್ ಬತ್ತಿಯ ಲೈಟರ್ ಬೇಡ, ಮೊದಲ ಹತ್ತು ಎಳೆತ ಪೆಟ್ರೋಲ್ ಬಂಕಿನ ರುಚಿ ಕೊಡುತ್ತದೆ. ಮಳೆಗಾಳಿಯಿಲ್ಲದ ಕಡೆ ಬೆಂಕಿಕಡ್ಡಿಯೂ ಸಾಕು, ತಲೆಯ ಮದ್ದು ಪೂರ್ತಿ ಉರಿದ ಮೇಲೆ ಬಳಸಿದರೆ. ಜ್ವಾಲೆ ಎಲೆಗೆ ತಾಗದಂತೆ ಒಂದು ಬೆರಳು ದೂರ ಹಿಡಿದು, ಸಿಗಾರನ್ನು ತಿರುಗಿಸುತ್ತಾ ಹಪ್ಪಳ ಸುಟ್ಟಂತೆ ಅಂಚೆಲ್ಲ ಒಂದೇ ಸಮ ಕೆಂಪಾಗಿಸಿ, ಆಮೇಲೆ ಎಳೆಯಿರಿ. ಲೈಟರಿಗೆ ಅನಿಲ ತುಂಬುವಾಗ ಒಳಗಿನ ಹಳೆಯದನ್ನು ಪೂರ್ತಿ ಹೊರಬಿಟ್ಟು, ತಲೆಕೆಳಗೆ ಹಿಡಿದು ತುಂಬಿ, ಐದು ನಿಮಿಷ ಬಿಟ್ಟು ಹಚ್ಚಿ. ಕೆಟ್ಟಿತೆಂದು ನಮ್ಮಲ್ಲಿಗೆ ಬರುತ್ತಿದ್ದ ಲೈಟರ್‌ಗಳಲ್ಲಿ ಹೆಚ್ಚಿನವುಗಳ ರೋಗ ಒಳಗೆ ಸಿಕ್ಕಿಕೊಂಡ ಗಾಳಿ.

ಆಶ್‌ಟ್ರೇಗೆ ದುಡ್ಡು ಹಾಕಬೇಡಿ. ಸಿಗಾರ್ ಅಡ್ಡ ಮಲಗಿಸಲು ತಗ್ಗಿರುವ ಮಣ್ಣಿನ ಬಟ್ಟಲು ಸಾಕು. ಸಿಗರೇಟಿನಂತೆ ಹೊಸಕಿ ಆರಿಸಬೇಡಿ, ಸುಮ್ಮನೆ ಬಿಟ್ಟರೆ ತಾನೇ ಆರುತ್ತದೆ. ಆರಿದ ತುಂಡನ್ನು ಮಾತ್ರ ಅಲ್ಲೇ ಬಿಡದೆ ಕೂಡಲೇ ಎಸೆಯಿರಿ; ಕೋಣೆಯ ನಾತಕ್ಕೂ ಅದೇ ಕಾರಣ, ಅಂಬೆಗಾಲಿಡುವ ಮಕ್ಕಳಿದ್ದರೆ ವಿಷವೂ ಅದೇ.

ವಿಷದ ಮಾತು ಬಂತು. ಇಷ್ಟು ವರ್ಷ ಇದನ್ನು ಮಾರಿದವನಾಗಿ ಇದೊಂದನ್ನು ಮುಚ್ಚಿಡಲಾರೆ. ಸಿಗಾರ್ ಹೊಗೆಯನ್ನು ಒಳಗೆಳೆಯುವುದಿಲ್ಲ, ಬಾಯಲ್ಲೇ ಆಡಿಸಿ ಬಿಡುತ್ತೇವೆ, ಹಾಗಾಗಿ ಅಪಾಯವಿಲ್ಲ ಎಂಬುದು ಗಿರಾಕಿಗಳಿಗೆ ಬಲು ಪ್ರಿಯವಾದ ಸುಳ್ಳು. ಸಿಗಾರಿನ ಹೊಗೆ ಕ್ಷಾರೀಯ. ಅದರ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಹೋಗುತ್ತದೆ. ದೊಡ್ಡ ಸಿಗಾರ್ ಒಂದರಲ್ಲಿ ಒಂದು ಪ್ಯಾಕ್ ಸಿಗರೇಟಿನಷ್ಟು ತಂಬಾಕು ಇರಬಹುದು. ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಹೊಗೆ ಒಳಗೆಳೆಯದವರಿಗೂ ಬರುತ್ತದೆ. ಯಾವ ಕಟರ್, ಯಾವ ಹೋಲ್ಡರ್ ಕೂಡ ಇದನ್ನು ಬದಲಿಸುವುದಿಲ್ಲ. ಬದಲಿಸುತ್ತದೆಂದು ಹೇಳಿ ಮಾರುವ ಸಾಮಗ್ರಿಯನ್ನು ಕೊಳ್ಳಬೇಡಿ. ಮನೆಯಲ್ಲಿ ಮಕ್ಕಳು, ಹಿರಿಯರಿದ್ದರೆ ಬಾಲ್ಕನಿಯೂ ಬೇಡ, ಅಂಗಳಕ್ಕೆ ಹೋಗಿ. ಕಾಯ್ದೆಯ ಪ್ರಕಾರ ಸಾರ್ವಜನಿಕ ಸ್ಥಳ ಸಲ್ಲದು, ಕರ್ನಾಟಕದಲ್ಲಿ 21 ತುಂಬದವರಿಗೆ ತಂಬಾಕು ಮಾರುವಂತೆಯೂ ಇಲ್ಲ.

ಕೊನೆಗೆ ನಿಮ್ಮ ಮರದ ಹ್ಯೂಮಿಡಾರ್. ಒಳಗಿನ ಪದರ ಸ್ಪ್ಯಾನಿಷ್ ಸೀಡರ್ ಆಗಿದ್ದರೆ, ಹೆಸರು ನೋಡಿ ಮೋಸಹೋಗಬೇಡಿ: ಅದು ಸ್ಪೇನಿನದಲ್ಲ, ಸೀಡರೂ ಅಲ್ಲ. ಮಧ್ಯ ಮತ್ತು ದಕ್ಷಿಣ ಅಮೆರಿಕದ ಮರ, ಮಹಾಗನಿ ಕುಟುಂಬದ್ದು. ನಮ್ಮ ಬೇವು ಕೂಡ ಅದೇ ಕುಟುಂಬ. ತೇವವನ್ನು ಹೀರಿ ನಿಧಾನವಾಗಿ ಬಿಡುವ ಗುಣಕ್ಕಾಗಿ ಅದನ್ನು ಬಳಸುತ್ತಾರೆ. ಹುಳುವನ್ನು ತಡೆಯುತ್ತದೆ ಎಂಬ ಭರವಸೆ ಮಾತ್ರ ಇಟ್ಟುಕೊಳ್ಳಬೇಡಿ. ಪೆಟ್ಟಿಗೆಯ ಅಂದಕ್ಕೆ ಬೆಲೆಯಿಲ್ಲವೆಂದು ನಾನು ಹೇಳುವುದಿಲ್ಲ. 1961ರಲ್ಲಿ ಹಾಸ್ಯನಟ ಮಿಲ್ಟನ್ ಬರ್ಲ್ ಅಮೆರಿಕದ ಅಧ್ಯಕ್ಷ ಕೆನಡಿಗೆ ಕೊಟ್ಟಿದ್ದ ಹ್ಯೂಮಿಡಾರ್ 1996ರ ಸದಬೀಸ್ ಹರಾಜಿನಲ್ಲಿ 5,74,500 ಡಾಲರಿಗೆ ಹೋಯಿತು. ಅದನ್ನು ಮರಳಿ ಪಡೆಯಲು ಬರ್ಲ್ ಅವರೇ ಕೂಗಿ ಸೋತಿದ್ದರು. ಆ ದುಡ್ಡು ಹೋದದ್ದು ಹೆಸರಿಗೆ. ತೇವ ಹಿಡಿಯುವುದರಲ್ಲಿ ನಿಮ್ಮ ಅಡುಗೆಮನೆಯ ಡಬ್ಬಿ ಅದಕ್ಕೆ ಸಾಟಿ.

ಈಗ ಪೆಟ್ಟಿಗೆಯನ್ನು ಖಾಲಿ ಮಾಡಿ, ಒಣ ಬಟ್ಟೆಯಿಂದ ಒರೆಸಿ, ಎ.ಸಿ. ಕೋಣೆಯಲ್ಲಿ ಮುಚ್ಚಳ ತೆರೆದಿಡಿ. ಸ್ಪಂಜಿನಲ್ಲಿ ಬೂಷ್ಟಿದ್ದರೆ ಎಸೆದುಬಿಡಿ. ಡಿಸೆಂಬರಿನಲ್ಲಿ ಗಾಳಿ ಒಣಗಿ, ಭರಣಿಯ ಉಪ್ಪು ಮತ್ತೆ ಗಲಗಲ ಎನ್ನತೊಡಗಿದಾಗ ಹೊರಗೆ ತನ್ನಿ. ಕತ್ತಲೆಯಲ್ಲಿ ಒಳಗೊಂದು ಟಾರ್ಚ್ ಹಚ್ಚಿಟ್ಟು ಮುಚ್ಚಳ ಹಾಕಿ. ಅಂಚಿನಲ್ಲಿ ಬೆಳಕಿನ ಗೆರೆ ಕಂಡರೆ ಅದರಲ್ಲಿ ಕಟರ್, ಲೈಟರ್ ಇಟ್ಟುಕೊಳ್ಳಿ. ಕಾಣದಿದ್ದರೆ, ಬಟ್ಟಲಲ್ಲಿ ಡಿಸ್ಟಿಲ್ಡ್ ವಾಟರ್ ಇಟ್ಟು ಎರಡು ವಾರ ಮುಚ್ಚಿ ಮರಕ್ಕೆ ನೀರು ಕುಡಿಸಿ. ನಲ್ಲಿ ನೀರು ಬೇಡ, ಮರವನ್ನು ಒದ್ದೆ ಬಟ್ಟೆಯಿಂದ ಒರೆಸುವುದೂ ಬೇಡ. ಆಮೇಲೆ 65ರ ಚೀಲ ಹಾಕಿ ಸಿಗಾರ್‌ಗಳನ್ನು ಅದಕ್ಕೆ ಸಾಗಿಸಬಹುದು. ಮೇ ಕೊನೆಯ ವಾರ ಮೊದಲ ಗುಡುಗು ಕೇಳಿದಾಗ ಎಲ್ಲವೂ ಮತ್ತೆ ಪ್ಲಾಸ್ಟಿಕ್ ಡಬ್ಬಿಗೆ.